ನೀರು ಮುಟ್ಟಿಸಬಾರದ ಚರ್ಮ

ಆ ಮನೆಗೆ ಕಾಲಿಟ್ಟ ದಿನ ಹೊಸ ಸೊಸೆಯ ಬಾಯಿಗೆ ಅತ್ತೆ ಹಾಕಿದ್ದು ಸಕ್ಕರೆಯನ್ನಲ್ಲ, ಪಟಿಕವನ್ನು. ನೋಡಲು ಥೇಟು ಕಲ್ಲುಸಕ್ಕರೆ. ಅವಳೂ ಹಾಗೇ ನಂಬಿ ನಾಲಿಗೆಯ ಮೇಲಿಟ್ಟುಕೊಂಡಳು. ಮೊದಲು ಒಂದಿಷ್ಟು ಸಿಹಿ ಅನ್ನಿಸಿತು, ಹಿಂದೆಯೇ ಹುಳಿ, ಆಮೇಲೆ ಬಾಯಿಗೆ ಬಾಯೇ ಒಗರು ಹಿಡಿದು ಎರಡೂ ಕೆನ್ನೆ ಒಳಗೊಳಗೇ ಅಂಟಿಕೊಂಡವು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಸುತ್ತ ನೆಂಟರ ಗುಂಪು, ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ಅತ್ತೆ.

“ಈಗ ನಿನ್ನ ನಾಲಿಗೆಗೆ ಏನಾಗ್ತಿದೆಯೋ, ಚರ್ಮಕ್ಕೂ ಅದೇ ಆಗೋದು,” ಅಂದರು ಅತ್ತೆ. “ಈ ಮನೆಗೆ ಬಂದವರೆಲ್ಲ ಮೊದಲು ಇದರ ರುಚಿ ನೋಡಬೇಕು. ನಮ್ಮತ್ತೆ ನನಗೆ ಇದಕ್ಕಿಂತ ದೊಡ್ಡ ಚೂರು ಕೊಟ್ಟಿದ್ರು. ನಾನೇನು ನಿನ್ನ ಥರ ಮುಖ ಕಿವುಚಲಿಲ್ಲ.”

ಇದು ನಡೆದು ನಲವತ್ತು ವರ್ಷವಾಗುತ್ತ ಬಂತು. ಅತ್ತೆ ಹೋಗಿಯೂ ಕೆಲವು ವರ್ಷಗಳಾದವು. ಆದರೆ ಸೊಸೆಗೆ ಈಗಲೂ ಅಷ್ಟೆ. ಕ್ಷೌರದಂಗಡಿಯ ಮುಂದೆ ಹಾದುಹೋಗುವಾಗ ಅಲ್ಲಿನ ಕನ್ನಡಿಯ ಕೆಳಗೆ ಒದ್ದೆಯಾಗಿ ಹೊಳೆಯುವ ಪಟಿಕದ ಗಟ್ಟಿ ಕಂಡರೆ ಸಾಕು, ಬಾಯಿ ಒಗರಾಗುತ್ತದೆ, ನಗು ಬರುತ್ತದೆ, ಕಣ್ಣೂ ತುಂಬಿಕೊಳ್ಳುತ್ತದೆ. ಒಳಗೆ ಗಡ್ಡ ಹೆರೆಸಿಕೊಳ್ಳುತ್ತ ಕೂತವರು ಈ ಹೆಂಗಸಿಗೆ ಏನಾಯಿತಪ್ಪ ಎಂದು ನೋಡುತ್ತಾರೆ. ನೋಡಲಿ ಬಿಡಿ.

ಅವಳು ಬಂದದ್ದು ದೂರದಿಂದೇನೂ ಅಲ್ಲ. ಚರ್ಮ ಹದ ಮಾಡುವವರ ಬೀದಿ ಅದು. ಮೇಲಿನ ತುದಿಯಲ್ಲಿ ಅವಳ ತವರು, ಕೆಳಗಿನ ತುದಿಯಲ್ಲಿ ಗಂಡನ ಮನೆ. ಒಂದು ಹಾಡು ಗುನುಗಿ ಮುಗಿಸುವಷ್ಟರಲ್ಲಿ ನಡೆದು ತಲುಪಬಹುದು. ಆದರೆ ಎರಡು ಮನೆಗಳಿಗೂ ಅಜಗಜಾಂತರ. ತವರಿನಲ್ಲಿ ಹದ ಮಾಡುತ್ತಿದ್ದದ್ದು ಕ್ರೋಮ್ ಉಪ್ಪಿನಲ್ಲಿ. ಪುಡಿ ಹಸಿರು, ಕರಗಿದ ನೀರೂ ಹಸಿರು, ಅದರಲ್ಲಿ ಉರುಳಾಡಿ ಬಂದ ಚರ್ಮ ಮಾತ್ರ ಆಕಾಶದ ನೀಲಿ. ದೊಡ್ಡ ಮರದ ಡ್ರಮ್ಮು ಗಡಗಡ ತಿರುಗುತ್ತ ಒಂದು ಹಗಲಿನಲ್ಲಿ ಕೆಲಸ ಮುಗಿಸಿ ಕೈ ತೊಳೆದುಕೊಳ್ಳುತ್ತಿತ್ತು. ಗಂಡನ ಮನೆಯಲ್ಲಿ ಪಟಿಕ. ಬಿಳಿ ಗಟ್ಟಿ, ಬಿಳಿ ನೀರು, ಬಿಳಿ ಚರ್ಮ, ತಿಂಗಳುಗಟ್ಟಲೆ ಕಾಯುವ ಕೆಲಸ. ಚಿಕ್ಕಂದಿನಿಂದ ಡ್ರಮ್ಮಿನ ಬಾಯೊಳಗೆ ಕೈ ಹಾಕಿ ಬೆಳೆದ ಹುಡುಗಿಯ ಉಗುರಿನ ಸಂದಿ ಮದುವೆಯ ದಿನವೂ ನೀಲಿಯಾಗಿಯೇ ಇತ್ತು. ಅತ್ತೆ ಆ ಕೈಯನ್ನು ಹಿಡಿದು, ತಿರುಗಿಸಿ ನೋಡಿ, “ನೀಲಿ!” ಅಂದರು. ಅದೇ ಅವಳ ಹೆಸರಾಯಿತು. ಗಂಡನೂ ಅದನ್ನೇ ಹಿಡಿದ. ಅಪ್ಪ ಅಮ್ಮ ಇಟ್ಟ ಹೆಸರು ಸರ್ಕಾರಿ ಕಾಗದಗಳಿಗಷ್ಟೇ ಮೀಸಲಾಯಿತು.

ಎರಡೂ ಉಪ್ಪೇ, ಆದರೆ ಗುಣ ಬೇರೆ. ಕ್ರೋಮ್ ಉಪ್ಪು ಚರ್ಮದೊಳಗೆ ಹೊಕ್ಕಿತೆಂದರೆ ಮತ್ತೆ ಹೊರಬರುವ ಮಾತೇ ಇಲ್ಲ. ಅದರಲ್ಲಿ ಸರಿಯಾಗಿ ಹದವಾದ ಚರ್ಮದ ಚೂರನ್ನು ಕುದಿಯುವ ನೀರಿಗೆ ಹಾಕಿದರೂ ಮುದುಡುವುದಿಲ್ಲ. ಪಟಿಕ ಹಾಗಲ್ಲ, ಅದು ಸಂಕೋಚದ ನೆಂಟ. ಬಂದು ಕೂತಿರುತ್ತದೆ, ನೀರು ಬಂದು ‘ಏಳಪ್ಪಾ’ ಅಂದರೆ ಎದ್ದು ಹೊರಟೇಬಿಡುತ್ತದೆ. ಅದು ಹೊರಟ ಮೇಲೆ ಚರ್ಮ ಒಣಗಿ ಹಲಗೆಯಂತೆ ಸೆಟೆದುಕೊಳ್ಳುತ್ತದೆ, ಅಷ್ಟು ದಿನದ ದುಡಿಮೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹಾಗಿದ್ದರೂ ಹಿಂದಿನವರು ಪಟಿಕವನ್ನು ಬಿಟ್ಟಿರಲಿಲ್ಲ. ಆ ಹಾಲಿನ ಬಿಳುಪು, ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸುವ ಆ ಮೆತ್ತನೆಯ ಗುಣ ಬೇರೆ ಯಾವುದರಿಂದ ಬರಬೇಕು? ನೀರೊಂದು ಮುಟ್ಟದಿದ್ದರೆ ಆ ಚರ್ಮ ಮೊಮ್ಮಕ್ಕಳ ಕಾಲದ ತನಕ ಬಾಳುತ್ತದೆ.

ಹಾಗಾಗಿ ಆ ಮನೆಯಲ್ಲಿ ನೀರನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದರು. ಹದ ಹಾಕಿ ಒಣಗಿದ ಚರ್ಮಗಳು ಅಟ್ಟದಲ್ಲಿ ತೂಗುತ್ತಿದ್ದವು. ಪಟಿಕ ಒಳಗೆ ನೆಲೆಯೂರಲು ಕಾಲ ಬೇಕು, ಅದಕ್ಕೆ ಅಲ್ಲಿ ಕಾಯಿಸುವುದು. ಅಟ್ಟದ ಏಣಿ ಹತ್ತುವವರು ಮೊದಲು ಅತ್ತೆಗೆ ಎರಡೂ ಅಂಗೈ ತೋರಿಸಬೇಕು. ತಲೆಗೆ ಸ್ನಾನ ಮಾಡಿದವರು ಕೂದಲು ಒಣಗುವ ತನಕ ಆ ಕಡೆ ತಲೆ ಹಾಕುವಂತಿಲ್ಲ. ಒಮ್ಮೆ ಮಾವ ಮೇಲೆ ಹೋಗಿ ಸೀನಿದ್ದಕ್ಕೆ ಅವರ ನೆಗಡಿ ಪೂರ್ತಿ ವಾಸಿಯಾಗುವವರೆಗೆ ಏಣಿಯನ್ನೇ ತೆಗೆಸಿಟ್ಟಿದ್ದರಂತೆ. ಒಮ್ಮೊಮ್ಮೆ ಚರ್ಮದ ಮೇಲೆ ಉಪ್ಪು ಬಿಳಿ ಹುಡಿಯಾಗಿ ಏಳುತ್ತದೆ. ಅದನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ಉದುರಿಸಬೇಕೇ ಹೊರತು ಒದ್ದೆ ಬಟ್ಟೆ ಕೂಡ ಸೋಕಿಸುವಂತಿಲ್ಲ. ಕೊನೆಗೆ ಮೃದುಮಾಡುವ ಮುಂಚೆ ಚರ್ಮಗಳನ್ನು ಸ್ವಲ್ಪ ಹೊತ್ತು ಒದ್ದೆ ಮರದ ಹೊಟ್ಟಿನಲ್ಲಿ ಹುದುಗಿಸಿಡುತ್ತಿದ್ದರು. ಆ ಚರ್ಮಕ್ಕೆ ಸಿಗುತ್ತಿದ್ದ ತೇವ ಅಷ್ಟೇ. ಆಮೇಲೆ ಮರದ ಕಂಬಕ್ಕೆ ಬಡಿದ ಮೊಂಡು ಅಲಗಿನ ಮೇಲೆ ಹಿಂದೆ ಮುಂದೆ ಎಳೆದೂ ಎಳೆದೂ ಅದನ್ನು ಬಟ್ಟೆಯಂತೆ ಮಾಡುವುದು.

ಪಟಿಕದ ಹಿಟ್ಟು ಕಲಸುವ ದಿನ ಬಂತೆಂದರೆ ಮನೆಯ ಗಮ್ಮತ್ತೇ ಬೇರೆ. ಬೆಚ್ಚಗಿನ ನೀರಿನಲ್ಲಿ ಪಟಿಕ, ಅದಕ್ಕೆ ಅಡುಗೆ ಉಪ್ಪು, ಗೋಧಿ ಹಿಟ್ಟು, ಮೊಟ್ಟೆಯ ಹಳದಿ. “ಪಟಿಕ ಒಂದನ್ನೇ ಬಿಟ್ರೆ ಅದು ಚರ್ಮನ ಉಬ್ಬಿಸಿ ಬಿರುಸು ಮಾಡುತ್ತೆ,” ಅನ್ನುತ್ತಿದ್ದರು ಅತ್ತೆ. “ಅದರ ಸೊಕ್ಕು ಇಳಿಸೋಕೆ ಉಪ್ಪು. ಮೈ ತುಂಬಿಸೋಕೆ ಹಿಟ್ಟು. ಮೆತ್ತಗಾಗೋಕೆ ಹಳದಿ. ಮನುಷ್ಯರಿಗೂ ಹೀಗೇ ಏನಾದ್ರೂ ಕಲಸಿ ಹಾಕೋ ಹಾಗಿದ್ದಿದ್ರೆ ಮೊದಲು ನಿನ್ನ ಗಂಡನ್ನ ಈ ತೊಟ್ಟಿಗೆ ಇಳಿಸ್ತಿದ್ದೆ.” ಬುಟ್ಟಿಗಟ್ಟಲೆ ಮೊಟ್ಟೆ ಬರುತ್ತಿತ್ತು. ಹಳದಿಯೆಲ್ಲ ಚರ್ಮಕ್ಕೆ, ಬಿಳಿಯೆಲ್ಲ ಮನೆಯವರ ಹೊಟ್ಟೆಗೆ. ಬೆಳಗ್ಗೆ ಮೊಟ್ಟೆಯ ಬಿಳಿ, ಮಧ್ಯಾಹ್ನ ಬಿಳಿ, ಸಂಜೆ ಯಾರಾದರೂ ಮನೆಗೆ ಬಂದರೆ ಅವರಿಗೂ ಬಿಳಿ. ಕರಿದು, ಬೇಯಿಸಿ, ಬಡಿದು ನೊರೆ ಮಾಡಿ ಏನೇ ಮಾಡಿದರೂ ಬಿಳಿ ಬಿಳಿಯೇ. ಹಿಟ್ಟು ಕಲಸುವ ವಾರ ಬಂದರೆ ಹತ್ತಿರದ ನೆಂಟರು ಆ ಬೀದಿಗೇ ಕಾಲಿಡುತ್ತಿರಲಿಲ್ಲ. ನೀಲಿಗೆ ಆಗ ಅದನ್ನು ಕಂಡರಾಗುತ್ತಿರಲಿಲ್ಲ. ಈಗ ಎಂದಾದರೂ ಒಂಟಿ ಮೊಟ್ಟೆ ಒಡೆದು ಬಾಣಲೆಗೆ ಹಾಕುವಾಗ ಆ ಗಲಾಟೆ, ಆ ಬೈಗುಳ, ಆ ತಟ್ಟೆಗಳ ಸದ್ದು ಎಲ್ಲ ನೆನಪಾಗಿ ಒಲೆಯ ಮುಂದೆ ಸುಮ್ಮನೆ ನಿಂತುಬಿಡುತ್ತಾಳೆ.

ಮೊಟ್ಟೆ ಒಡೆಯುವುದು ನೀಲಿಯ ಕೆಲಸ. ಹಳದಿಯನ್ನು ತೊಟ್ಟಿಗೆ ಸುರಿದಲ್ಲಿಗೆ ಅವಳ ಪಾಲು ಮುಗಿಯಿತು. ಕಲಸುವುದು, ಚರ್ಮಕ್ಕೆ ಒತ್ತಿ ಒತ್ತಿ ಉಣಿಸುವುದು ಅತ್ತೆಯ ಕೈಗೆ ಮಾತ್ರ ಸೇರಿದ್ದು. ಅವಳು ಮುಂದೆ ಬಂದರೆ, “ನಿನ್ನ ಕೈ ನೀಲಿ ಕಣೆ, ಬಿಳಿಗೆ ಆಗಿಬರಲ್ಲ,” ಎಂದು ಮೊಣಕೈಯಲ್ಲೇ ಆಚೆ ದೂಡುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೂ ನೀಲಿಗೆ ಅದು ಚುಚ್ಚುತ್ತಿತ್ತು. ಮನೆಗೆ ಸೇರಿಸಿಕೊಂಡರು, ತೊಟ್ಟಿಗೆ ಸೇರಿಸಲಿಲ್ಲ ಎಂದು ಅವಳು ತವರಿನಲ್ಲಿ ಹೇಳಿಕೊಂಡು ಅತ್ತದ್ದೂ ಉಂಟು.

ಆಮೇಲೆ ಕಾಲ ಬದಲಾಯಿತು. ಬಿಳಿ ಕೈಗವಸು ಹೊಲಿಯುತ್ತಿದ್ದವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು. ಮಳೆಗೆ ಹೆದರುವ ಚರ್ಮ ಯಾರಿಗೆ ಬೇಕು? ಮಾವ ತೀರಿಕೊಂಡ ಮೇಲೆ ಅಟ್ಟದ ಹಗ್ಗಗಳು ಬರಿದಾದವು. ಮನೆಯ ಕಸುಬು ನಿಂತೇಹೋಗುವ ಹೊತ್ತಿಗೆ ನೀಲಿ ತವರಿನಿಂದ ಒಂದು ಹಳೇ ಡ್ರಮ್ಮನ್ನು ತರಿಸಿ ಅಂಗಳದಲ್ಲಿ ಕೂರಿಸಿದಳು. ಅತ್ತೆ ಒಂದು ವರ್ಷ ಆ ಡ್ರಮ್ಮಿನ ಮುಖ ನೋಡಲಿಲ್ಲ. ದಿನಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅದಕ್ಕೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಗಂಡ ಅಡಕತ್ತರಿಯಲ್ಲಿ ಸಿಕ್ಕಿಕೊಂಡವನಂತೆ ಅವರಿಬ್ಬರ ನಡುವೆ ಓಡಾಡುತ್ತಿದ್ದ.

ಒಂದು ದಿನ ನೀಲಿ ಡ್ರಮ್ಮಿಗೆ ಸೋಡಾ ಹಾಕುತ್ತಿದ್ದಳು. ಕ್ರೋಮ್ ಚರ್ಮದೊಳಗೆಲ್ಲ ಹೊಕ್ಕ ಮೇಲೆ ಅದು ಅಲ್ಲೇ ಬೇರೂರುವ ಹಾಗೆ ಮಾಡಲು ಸೋಡಾ ಹಾಕುತ್ತಾರೆ. ತೆಳ್ಳಗೆ, ತಡೆದು ತಡೆದು ಹಾಕಬೇಕು. ಅವಸರಪಟ್ಟರೆ ಚರ್ಮದ ಮೈ ಒರಟಾಗುತ್ತದೆ. ಬಾಗಿಲಿನಿಂದ, ತಿರುಗದ ಬೆನ್ನಿನಿಂದಲೇ ಮಾತು ಬಂತು.

“ಅಷ್ಟು ಬೇಗ ಬೇಗ ಸುರೀತಿದ್ದೀಯಲ್ಲ, ಅದಕ್ಕೇನು ಉಸಿರಾಡೋದು ಬೇಡ್ವಾ?”

“ನಿಮಗೆ ಹೇಗೆ ಗೊತ್ತಾಯ್ತು ಅತ್ತೆ, ನೀವು ನೋಡ್ತಾನೇ ಇಲ್ವಲ್ಲ?”

“ಕಿವಿ ಇದೆಯಲ್ಲ. ಚೊಂಬಿನ ಸದ್ದು ಕೇಳ್ತಾ ಇದೆ.”

ಅಂದು ಕುರ್ಚಿ ಈ ಕಡೆ ತಿರುಗಿತು. ಮುಂದಿನ ತಿಂಗಳು ಅತ್ತೆ ಅಂಗಳಕ್ಕೇ ಇಳಿದರು. ಒಂದೆರಡು ವರ್ಷದಲ್ಲಿ ಕ್ರೋಮಿನ ಕೆಲಸದಲ್ಲಿ ಎತ್ತಿದ ಕೈ ಆದರು. ಅದರಲ್ಲೂ ತೊಳೆಯುವುದರಲ್ಲಿ. ಕ್ರೋಮ್ ಚರ್ಮದಲ್ಲಿ ಬೇಡದ ಉಪ್ಪು ಉಳಿದರೆ ಒಣಗಿದ ಮೇಲೆ ಬಿಳಿ ಕಲೆ ಏಳುತ್ತದೆ, ಆದ್ದರಿಂದ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ನೀರನ್ನು ಹತ್ತಿರ ಬಿಡದ ಅದೇ ಹೆಂಗಸು ಸೀರೆ ಎತ್ತಿ ಕಟ್ಟಿ, ಮೊಣಕಾಲ ತನಕ ನೀರಿನಲ್ಲಿ ನಿಂತು, “ತೊಳೆ, ಇನ್ನೊಂದ್ಸಲ ತೊಳೆ, ನಿನಗೇನು ನೀರಿನ ಬರವಾ?” ಎಂದು ಕೂಗುತ್ತಿದ್ದರು. ಅವರ ಉಗುರಿನ ಸಂದಿಯೂ ನೀಲಿಯಾಯಿತು. ನೀಲಿ ಒಮ್ಮೆ ಆ ಕೈ ಹಿಡಿದು, “ಈಗ ನಿಮ್ಮನ್ನ ಏನಂತ ಕರೀಲಿ?” ಅಂದಾಗ ಅತ್ತೆ ತಲೆಗೊಂದು ಮೊಟಕಿದರು. ಹೊರಗಿನವರಿಗೆ ಅದು ಜಗಳದಂತೆ ಕಾಣುತ್ತಿತ್ತು. ಅವರಿಬ್ಬರ ಬದುಕಿನ ಅತಿ ಸುಖದ ದಿನಗಳು ಅವು.

ವಯಸ್ಸು ಯಾರನ್ನು ಬಿಟ್ಟಿದೆ? ಅತ್ತೆಗೆ ಎಂಬತ್ತು ಹತ್ತಿರವಾಗುವಾಗ ಸಣ್ಣಪುಟ್ಟ ಮರೆವು ಶುರುವಾಯಿತು. ಸೀಗೆಪುಡಿ ಡಬ್ಬಿಯಲ್ಲಿ ಸಕ್ಕರೆ, ಸಕ್ಕರೆ ಡಬ್ಬಿಯಲ್ಲಿ ಬೀಗದ ಕೈ. ಅದೆಲ್ಲ ನಗುವ ಮಾತೇ ಆಗಿತ್ತು. ಒಂದು ದಿನ ಡ್ರಮ್ಮಿಗೆ ಸೋಡಾ ಹಾಕಿದ್ದನ್ನು ಮರೆತು ಮತ್ತೊಮ್ಮೆ ಅಷ್ಟೇ ಸೋಡಾ ಹಾಕಿದ್ದರಿಂದ ಇಡೀ ಡ್ರಮ್ಮಿನ ಚರ್ಮ ಕಪ್ಪೆಯ ಬೆನ್ನಿನಂತಾಯಿತು. ಆಗ ನೀಲಿಯ ಗಂಡ, “ಅಮ್ಮಾ, ಇನ್ನು ಸಾಕು. ನೀನು ಒಳಗೆ ಆರಾಮಾಗಿ ಕೂತ್ಕೋ,” ಅಂದ. ಪ್ರೀತಿಯಿಂದಲೇ ಅಂದ. ಅತ್ತೆ ಸೋಡಾದ ಚೊಂಬನ್ನು ಕೆಳಗಿಟ್ಟು ಒಳಗೆ ಹೋದರು.

ಅಂಥ ದಿನಗಳಲ್ಲೇ ಒಬ್ಬ ವಾದ್ಯ ರಿಪೇರಿಯವನು ಬಂದ. ಹಳೇ ಗಿರಾಕಿ, ತಲೆ ನರೆತಿತ್ತು. ಕೈಯಲ್ಲೊಂದು ಹಳೇ ಹಾರ್ಮೋನಿಯಂ. ಅದರ ಗಾಳಿ ಊದುವ ತಿದಿ ಬಿಚ್ಚಿ ಮಡಿಕೆಗಳ ಸಂದಿನಲ್ಲಿದ್ದ ಬಿಳಿ ಚರ್ಮ ತೋರಿಸಿದ. ಒಂದು ಕಡೆ ಇಲಿ ಕಡಿದಿತ್ತು, ಮಿಕ್ಕದ್ದು ಇನ್ನೂ ಬೆಣ್ಣೆಯಂತಿತ್ತು.

“ನಿಮ್ಮ ಮನೇದೇ ಅಮ್ಮಾ. ನಮ್ಮಪ್ಪ ಕೂರಿಸಿದ್ದು. ಈಗಿನ ಚರ್ಮ ಹಾಕಿ ನೋಡಿದೆ, ಮಡಿಚಿದ್ರೆ ಹಟ ಮಾಡುತ್ತೆ. ಇದೇ ಥರದ್ದು ಒಂದಿಷ್ಟು ಸಿಗುತ್ತಾ? ಇನ್ನೂ ನಾಲ್ಕಾರು ಪೆಟ್ಟಿಗೆ ಕಾಯ್ತಾ ಕೂತಿವೆ.”

ಮಗ ‘ಆಗಲ್ಲ’ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಆ ಚರ್ಮವನ್ನು ಕೆನ್ನೆಗೆ ಒತ್ತಿಕೊಂಡಾಗಿತ್ತು.

“ಮಾಡಿಕೊಡ್ತೀನಿ,” ಅಂದರು. ಆಮೇಲೆ ಮಗನ ಕಡೆ ತಿರುಗಿ, “ಇದೊಂದು ನನ್ನ ಕೈಯಿಂದಲೇ ಆಗಲಿ. ಯಾರೂ ನಡುವೆ ಬರಬೇಡಿ. ಕೆಡಿಸಿದ್ನೋ, ನಾನೇ ಅಂಗಳಕ್ಕೆ ಇಳಿಯೋದು ಬಿಡ್ತೀನಿ. ಆಮೇಲೆ ಯಾವ ಮೂಲೇಲಿ ಬೇಕಾದ್ರೂ ಕೂರಿಸಿ, ಕೂತ್ಕೋತೀನಿ,” ಅಂದರು. ದನಿ ಗಟ್ಟಿಯಾಗಿಯೇ ಇತ್ತು, ಆ ಚರ್ಮವನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಇದು ಪಂತ ಎಂದು ಮಗನಿಗೆ ಅನ್ನಿಸಿತು. ಅತ್ತೆ ತಮ್ಮ ಕೈಯನ್ನು ತಾವೇ ಪರೀಕ್ಷೆಗೆ ಕೂರಿಸುತ್ತಿದ್ದಾರೆ ಎಂದು ನೀಲಿಗೆ ಗೊತ್ತಾಯಿತು.

ಮೂಲೆಯ ಪೀಪಾಯಿಯಲ್ಲಿ ಪಟಿಕ ಹಾಗೇ ಇತ್ತು, ಅದಕ್ಕೆ ಕೆಡುವುದೆಂಬುದೇ ಇಲ್ಲ. ಕುರಿಯ ಎಳೆ ಚರ್ಮ ತಂದರು. ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ತೊಳೆದು ಶುದ್ಧ ಮಾಡಿದ ಮೇಲೆ ಹಿಟ್ಟು ಕಲಸುವ ದಿನ ಬಂತು. ನೀಲಿ ಮೊಟ್ಟೆ ಒಡೆದು ಹಳದಿ ಸುರಿದು, ಹಳೇ ಪಾಠದಂತೆ ಪಕ್ಕಕ್ಕೆ ಸರಿದು ನಿಂತಳು. ಅತ್ತೆ ತೋಳೇರಿಸಿ ಕೂತರು. ಯಾವುದನ್ನೂ ತೂಗಲಿಲ್ಲ. ಬೆರಳು ಅದ್ದಿ ನಾಲಿಗೆಗಿಟ್ಟು, ಒಂದು ಹಿಡಿ ಉಪ್ಪು ಹಾಕಿ, ಮತ್ತೆ ನಾಲಿಗೆಗಿಟ್ಟು ತಲೆಯಾಡಿಸಿದರು. ಒಂದೇ ಒಂದು ತಪ್ಪಲಿಲ್ಲ. ನೀಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಲೇ ಇದ್ದಳು. ಅಂದು ಮನೆಯವರೆಲ್ಲ ಮತ್ತೆ ಮೊಟ್ಟೆಯ ಬಿಳಿ ತಿಂದರು, ಯಾರೂ ಗೊಣಗಲಿಲ್ಲ.

ಚರ್ಮ ಒಣಗಿ ಅಟ್ಟ ಸೇರಿತು. ಮಳೆಗಾಲ ಕಳೆಯಿತು, ಚಳಿ ಕಳೆಯಿತು. ಏಣಿ ಹತ್ತಲು ಅತ್ತೆಗೆ ಕಷ್ಟ. ಆದರೂ ದಿನಾ ಹತ್ತುತ್ತಿದ್ದರು. ಹಿಂದೆಯೇ ನೀಲಿ, ಜಾರಿದರೆ ಹಿಡಿಯಲು. ಮೇಲೆ ಹೋಗುವ ಮುಂಚೆ ಅವಳು ಅಂಗೈ ತೋರಿಸುತ್ತಿದ್ದಳು, ಅತ್ತೆ ಮುಟ್ಟಿ ನೋಡಿ ‘ಹ್ಞೂಂ’ ಅನ್ನುತ್ತಿದ್ದರು. ಇನ್ನು ಹೊಟ್ಟಿನಲ್ಲಿ ಹುದುಗಿಸಿ ಎಳೆಯುವುದೊಂದೇ ಬಾಕಿ. ರಿಪೇರಿಯವನಿಗೆ ಬರಲು ಹೇಳಿ ಕಳಿಸಿಯೂ ಆಗಿತ್ತು.

ಆ ಮಧ್ಯಾಹ್ನ ನೀಲಿ ಮರದ ಹೊಟ್ಟು ತರಲು ಬಡಗಿಯ ಅಂಗಡಿಗೆ ಹೋಗಿದ್ದಳು. ಮೂಟೆ ಹೊತ್ತು ಹಿಂದಿರುಗಿದಾಗ ಅಂಗಳದಿಂದ ನೀರಿನ ಸದ್ದು ಕೇಳಿತು. ಕ್ರೋಮ್ ಚರ್ಮ ತೊಳೆಯುವ ಸಿಮೆಂಟಿನ ತೊಟ್ಟಿಯ ಮುಂದೆ ಅತ್ತೆ ಸೀರೆ ಎತ್ತಿ ಕಟ್ಟಿ ನಿಂತಿದ್ದರು. ಆ ಬಿಳಿ ಚರ್ಮಗಳು ಒಂದೂ ಉಳಿಯದೆ ನೀರಿನಲ್ಲಿದ್ದವು. ಅತ್ತೆ ಒಂದೊಂದನ್ನೇ ಎತ್ತಿ, ಜಾಲಿಸಿ, ಹಿಂಡಿ, ಮತ್ತೆ ಮುಳುಗಿಸುತ್ತಿದ್ದರು. ಏನೋ ಗುನುಗುತ್ತಿದ್ದರು. ನೀರು ಹಾಲಿನಂತೆ ಬೆಳ್ಳಗಾಗಿತ್ತು.

ನೀಲಿ ಹೊತ್ತಿದ್ದ ಮೂಟೆ ಕೆಳಗೆ ಬಿತ್ತು.

“ಬಂದ್ಯಾ?” ಅಂದರು ಅತ್ತೆ ತಿರುಗಿ ನೋಡಿ, ಮುಖದ ತುಂಬ ತೃಪ್ತಿ. “ಉಪ್ಪು ಮೇಲೆ ಎದ್ದಿತ್ತು ಕಣೆ. ತೊಳೆದುಬಿಟ್ಟೆ. ಮೂರು ನೀರು ಆಯ್ತು.”

ಹತ್ತಾರು ವರ್ಷ ಕ್ರೋಮ್ ಚರ್ಮ ತೊಳೆದ ಕೈ ಅದು. ಬಿಳಿ ಹುಡಿ ಕಂಡ ಕೂಡಲೇ ತನ್ನ ಪಾಡಿಗೆ ತಾನು ನೀರಿಗೆ ಹೋಗಿತ್ತು. ಆ ಕೈಗೆ ತೊಳೆಯುವುದನ್ನು ಕಲಿಸಿದ ಡ್ರಮ್ಮನ್ನು ಈ ಅಂಗಳಕ್ಕೆ ತಂದವಳು ತಾನೇ ಎಂಬುದೂ ನೀಲಿಗೆ ಹೊಳೆಯದೆ ಇರಲಿಲ್ಲ. ತೊಳೆಯಬಾರದಿತ್ತು ಎಂದು ಈಗ ಹೇಳಿದರೆ ಆ ಮುಖದ ತೃಪ್ತಿ ಅಲ್ಲೇ ಆರಿಹೋಗುತ್ತಿತ್ತು. ಅತ್ತೆ ಅಂದೇ ಒಳಗೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದರು, ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವರು. “ನಡೀರಿ ಅತ್ತೆ, ಬಿಸಿಲು. ನಾನು ಒಣಗೋಕೆ ಹಾಕ್ತೀನಿ,” ಎಂದಷ್ಟೇ ಹೇಳಿ, ಕೈ ಒರೆಸಿ ಒಳಗೆ ಕರೆದುಕೊಂಡು ಹೋಗಿ ಮಲಗಿಸಿದಳು. ಆಮೇಲೆ ಒಬ್ಬಳೇ ಆ ಚರ್ಮಗಳನ್ನು ಹರವುತ್ತ ಸದ್ದಿಲ್ಲದೆ ಅತ್ತಳು.

ಮರುದಿನ ಬೆಳಗ್ಗೆ ಅತ್ತೆ ಒಂದು ಚರ್ಮವನ್ನು ಹಿಡಿದು ಅಡುಗೆಮನೆಗೆ ಬಂದರು. ಹಪ್ಪಳದಂತೆ ಸೆಟೆದುಕೊಂಡಿತ್ತು, ಅಂಚು ಕೋಡಿನಂತೆ ಹಳದಿಯಾಗಿತ್ತು. ಅದನ್ನು ಮೇಜಿನ ಮೇಲೆ ಕುಟ್ಟಿದರು. ಹಲಗೆಯ ಸದ್ದು ಬಂತು.

“ಯಾರು?” ಅಂದರು. “ಯಾರು ಇದಕ್ಕೆ ನೀರು ಮುಟ್ಟಿಸಿದೋರು?”

ಗಂಡ ಚರ್ಮವನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದ. ಅತ್ತೆಯ ಕಣ್ಣಲ್ಲಿ ನಿನ್ನೆಯ ಮಧ್ಯಾಹ್ನದ ಸುಳಿವೇ ಇರಲಿಲ್ಲ. ಕೋಪದ ಹಿಂದೆ ಮಾತ್ರ ಒಂದು ಭಯ, ಕತ್ತಲೆಯಲ್ಲಿ ಮೆಟ್ಟಿಲು ತಡಕುವವರ ಭಯ ಇಣುಕುತ್ತಿತ್ತು. ಅದನ್ನು ನೋಡಲು ನೀಲಿಯಿಂದ ಆಗಲಿಲ್ಲ.

“ನಾನೇ ಅತ್ತೆ,” ಅಂದಳು. “ಉಪ್ಪು ಎದ್ದಿತ್ತು. ಕ್ರೋಮಿನದ್ದು ಅನ್ಕೊಂಡು ತೊಳೆದುಬಿಟ್ಟೆ.”

ಆಮೇಲೆ ನಡೆದದ್ದನ್ನು ಮಂಗಳಾರತಿ ಅಂದರೆ ಕಡಿಮೆಯಾದೀತು. ಅತ್ತೆಯ ಬೆನ್ನು ನೆಟ್ಟಗಾಯಿತು, ದನಿಗೆ ಹಳೇ ಕಸುವು ಬಂತು. “ಮೂವತ್ತು ವರ್ಷ! ಮೂವತ್ತು ವರ್ಷ ಈ ಮನೆ ಅನ್ನ ತಿಂದು, ಇದಕ್ಕೆ ನೀರು ತೋರಿಸಬಾರದು ಅಂತ ಗೊತ್ತಾಗ್ಲಿಲ್ವಾ? ತಲೇಲಿ ಮಿದುಳಿದೆಯೋ ಕ್ರೋಮ್ ಪುಡಿ ಇದೆಯೋ? ನಿನ್ನ ಕೈ ನೀಲಿ ಅಂತ ಮೊದಲನೇ ದಿನವೇ ಹೇಳಿದ್ದೆ.” ಅಲ್ಲಿಂದ ಅವಳ ತವರಿಗೆ ಹೋದರು, ಅವಳ ಅಪ್ಪನ ಡ್ರಮ್ಮಿಗೆ ಹೋದರು, ಅಪ್ಪನ ಮೀಸೆಯನ್ನೂ ಬಿಡಲಿಲ್ಲ. ಅಲ್ಲಿ ಒಂದು ಕ್ಷಣ ತಡೆದು, ಉಸಿರೆಳೆದುಕೊಂಡು, ಮತ್ತೆ ಶುರುಮಾಡಿದರು. ನೀಲಿ ತಲೆ ತಗ್ಗಿಸಿ ನಿಂತಿದ್ದಳು. ಗಂಡ, “ಅಲ್ಲ ನೀಲಿ, ನೀನು ನಿನ್ನೆ ಹೊಟ್ಟು ತರೋಕೆ...” ಅಂದ. ಅವಳು ಅವನನ್ನು ದುರುಗುಟ್ಟಿ ನೋಡಿದಳು. ಅವನು ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಹೋದ.

ಅಷ್ಟರಲ್ಲಿ ರಿಪೇರಿಯವನು ಬಂದ. ಮೇಜಿನ ಮೇಲಿದ್ದ ಹಪ್ಪಳ ನೋಡಿ ಅವನ ಮುಖ ಇಳಿದುಹೋಯಿತು.

“ನಮ್ಮ ಸೊಸೆ ತೊಳೆದುಹಾಕಿದಾಳೆ,” ಅಂದರು ಅತ್ತೆ. “ನೀವೇನೂ ಕಂಗೆಡಬೇಡಿ. ಕ್ರೋಮಾಗಿದ್ರೆ ಕೆಟ್ಟಿದ್ದು ಕೆಟ್ಟ ಹಾಗೇ. ಪಟಿಕ ಹೋದ್ರೆ ಹೋಗುತ್ತೆ, ಚರ್ಮನ ಹಾಳು ಮಾಡಿ ಹೋಗಲ್ಲ. ನೆನೆಸಿದ್ರೆ ಮತ್ತೆ ಹಸಿ ಚರ್ಮದ ಹಾಗೇ. ಮೊದಲಿಂದ ಮಾಡಬಹುದು. ಕಾಯೋಕಾಗುತ್ತಾ?”

“ಇಷ್ಟು ದಿನ ಕಾದಿದೀವಲ್ಲಮ್ಮಾ,” ಅಂದ ಅವನು.

ಅವನು ಹೋದ ಮೇಲೆ ಅತ್ತೆ ನೀಲಿಯ ಕಡೆ ಬೆರಳು ತೋರಿಸಿದರು. “ಕೆಡಿಸಿದೋಳು ನೀನು. ಮಾಡೋಳೂ ನೀನೇ. ತೋಳೇರಿಸು.”

ಹಾಗೆ, ಮದುವೆಯಾಗಿ ಬಂದಂದಿನಿಂದ ಆಚೆ ನಿಂತು ನೋಡಿದ ತೊಟ್ಟಿಗೆ ನೀಲಿಯ ಕೈ ಕೊನೆಗೂ ಇಳಿಯಿತು. ಚರ್ಮ ನೆನೆದು ಮೆತ್ತಗಾಗಿತ್ತು. ಪಟಿಕ ಕರಗಿತ್ತು, ಉಪ್ಪು ಬಿದ್ದಿತ್ತು, ಹಿಟ್ಟು ಹಳದಿ ಎಲ್ಲ ಸೇರಿ ಬೆಚ್ಚಗೆ ಬೆರಳಿನ ಸಂದಿಯಲ್ಲಿ ಜಾರುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ಪಕ್ಕದ ಮಣೆಯ ಮೇಲೆ ಕೂತು, ರುಚಿ ನೋಡಿಸಿ, ಗಂಟು ಒಡೆಯಲು ಹೇಳಿ, ತಪ್ಪಿದಲ್ಲೆಲ್ಲ ಗದರುತ್ತಿದ್ದರು. ನೀಲಿಗೆ ಗದರಿಸಿಕೊಳ್ಳುವುದರಲ್ಲೂ ಸುಖವೆನಿಸುತ್ತಿತ್ತು.

“ಅವತ್ತು ತೊಟ್ಟಿ ನೀರು ಬಿಸಿಲಿಗೆ ಬೆಚ್ಚಗಾಗಿತ್ತು ಕಣೆ,” ಅಂದರು ಅತ್ತೆ.

ನೀಲಿಯ ಕೈ ನಿಂತಿತು.

“ಕೈಗೆ ಹಿತವಾಗಿತ್ತು. ಅದಕ್ಕೇ ಇರಬೇಕು, ತೊಳೀತಾನೇ ಇದ್ದೆ.”

“ಯಾವಾಗ ನೆನಪಾಯ್ತು ಅತ್ತೆ?”

“ಬೈತಾ ಇದ್ದೆನಲ್ಲ, ನಿಮ್ಮಪ್ಪನ ಮೀಸೆ ಹತ್ರ ಬಂದಾಗ.”

“ಮತ್ತೆ ಯಾಕೆ ನಿಲ್ಲಿಸಲಿಲ್ಲ?”

“ನೀನು ಅಷ್ಟು ಚೆನ್ನಾಗಿ ತಲೆ ತಗ್ಗಿಸಿ ನಿಂತಿದ್ದೆ. ನಿಲ್ಲಿಸಿದ್ರೆ ನೀನು ಹೊತ್ಕೊಂಡಿದ್ದಕ್ಕೆ ಅರ್ಥ ಏನಿರ್ತಿತ್ತು?” ಅತ್ತೆ ನಗಲು ನೋಡಿದರು, ಆಗಲಿಲ್ಲ. “ನಾನು ಆಡಿದ ಮಾತು ನನಗೆ ನೆನಪಿದೆ. ಕೆಡಿಸಿದೋಳು ನಾನೇ. ಇನ್ಮೇಲೆ ನಾನು ಅಂಗಳಕ್ಕೆ ಇಳಿಯಲ್ಲ.”

ನೀಲಿಯ ಕಣ್ಣು ತುಂಬಿತು. ಹಿಟ್ಟಾದ ಕೈಯಿಂದ ಒರೆಸಿಕೊಳ್ಳುವಂತಿರಲಿಲ್ಲ. ಅತ್ತೆಯೇ ತಮ್ಮ ಸೆರಗಿನಿಂದ ಒರೆಸಿದರು. ಆಮೇಲೆ ಮಣೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು, ಅದನ್ನು ಚರ್ಮದ ಮೇಲೆ ಒತ್ತಿದರು.

“ಬೆರಳಲ್ಲಿ ಅಲ್ಲ, ಅಂಗೈ ಬುಡದಿಂದ ಒತ್ತು. ಹಾಗೆ. ನಾನು ಇನ್ನೂ ಏನೇನು ಮರೀತೀನೋ ನನಗೆ ಗೊತ್ತಿಲ್ಲ ನೀಲಿ. ನಿನ್ನ ಕೈ ಇದನ್ನ ಮರೀದೇ ಇದ್ರೆ ಸಾಕು.”